ಮೈಕಣ್ಣ ನುಂಗಿದ ಮಾತು

"ಅಮ್ಮ, ಮೈಕ್ ಮಾಮನ ಬಾಯಿ ಗಾಡಿ ಒಳಗೇ ಇದೆಯಾ?"

ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿ ಶೂ ಹಾಕುತ್ತಿದ್ದೆ. ಅವಳು ಕೇಳಿದ್ದು ಮೊದಲು ತಲೆಗೆ ಹೋಗಲಿಲ್ಲ. ಬೆರಳು ತೋರಿಸಿದ ಕಡೆ ನೋಡಿದೆ. ಗೇಟಿನ ಪಕ್ಕದಲ್ಲಿ ಕೆಳಗಿನ ಮನೆಯವರ ಆಟೊ ನಿಂತಿತ್ತು. ನೆತ್ತಿಯ ಮೇಲಿನ ಎರಡು ಹಾರ್ನುಗಳನ್ನೂ ಸೇರಿಸಿ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಯಾರೋ ಜ್ವರದವರು ಮುಸುಕು ಹಾಕಿಕೊಂಡು ಕೂತ ಹಾಗಿತ್ತು. ಅದರ ಆಚೆ, ಬಾಗಿಲಲ್ಲಿ, ಮೈಕಣ್ಣ ಹೆಂಡತಿಗೆ ಏನೋ ಹೇಳುತ್ತಿದ್ದರು. ಹೇಳುತ್ತಿದ್ದಾರೆ ಎಂಬುದನ್ನು ತುಟಿ ನೋಡಿ ತಿಳಿಯಬೇಕು, ಅಷ್ಟು ಮೆಲ್ಲಗೆ.

ಮಗಳ ಲೆಕ್ಕ ಅವಳ ಮಟ್ಟಿಗೆ ಸರಿಯಾಗಿಯೇ ಇತ್ತು. ರಸ್ತೆಯಲ್ಲಿ ಕಿಟಕಿಯ ಗಾಜು ಅದುರುವ ಹಾಗೆ ಮಾತಾಡುವವರಿಗೆ ಮನೆಯಲ್ಲಿ ದನಿಯೇ ಇಲ್ಲವೆಂದರೆ, ಬಾಯಿಯನ್ನು ಗಾಡಿಯಲ್ಲೇ ಬಿಟ್ಟು ಬರುತ್ತಿರಬೇಕು. ಈಗ ಗಾಡಿಗೇ ಮುಸುಕು ಬಿದ್ದಿದೆ, ಇನ್ನು ಬಾಯಿ ಎಲ್ಲಿ ಸಿಗಬೇಕು? ಮಾಮನಿಗೆ ಗಂಟಲು ಕಟ್ಟಿದೆ ಎಂದು ಹೇಳಿ ಶಾಲೆಗೆ ಕರೆದುಕೊಂಡು ಹೋದೆ. ಗಂಟಲಿಗೆ ಏನೂ ಆಗಿರಲಿಲ್ಲ. ಆಗಿದ್ದೇ ಬೇರೆ, ಅದನ್ನು ಮಗುವಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ದೊಡ್ಡವರಿಗಾದರೂ ಹೇಳೋಣವೆಂದು ಬರೆಯುತ್ತಿದ್ದೇನೆ.

ನಾವು ಮೇಲಿನ ಮಹಡಿ, ಅವರು ಕೆಳಗೆ. ನಾನು ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅವರನ್ನು ಅಣ್ಣ ಎಂದೇ ಕರೆಯುತ್ತೇನೆ, ಅವರ ಹೆಂಡತಿಯನ್ನು ಅತ್ತಿಗೆ ಎನ್ನುತ್ತೇನೆ. ಅವರ ನಿಜವಾದ ಹೆಸರು ಕರೆಂಟ್ ಬಿಲ್ಲಿನಲ್ಲಿ ಮಾತ್ರ ಇದೆ. ಉಳಿದ ಎಲ್ಲರಿಗೂ ಅವರು ಮೈಕಣ್ಣ. ಆಟೊದ ಮೇಲೆ ಹಾರ್ನು ಕಟ್ಟಿಕೊಂಡು ರಸ್ತೆ ರಸ್ತೆ ಸುತ್ತಿ ಸಾರುವುದು ಅವರ ಕಸುಬು. ಹುಡುಗನಾಗಿದ್ದಾಗ ಚಿತ್ರಮಂದಿರದ ಪ್ರಚಾರದ ಗಾಡಿಯಲ್ಲಿ ಹಿಂದೆ ಕೂತು ಚೀಟಿ ಎಸೆಯುತ್ತಿದ್ದರಂತೆ. ಒಂದು ದಿನ ಮೈಕು ಹಿಡಿಯುವವನಿಗೆ ವಾಂತಿ ಶುರುವಾಗಿ, ಮೈಕು ಇವರ ಕೈಗೆ ಬಂತು. ಆಮೇಲೆ ಅದು ಅವನ ಕೈಗೆ ಹಿಂತಿರುಗಿ ಹೋಗಲೇ ಇಲ್ಲ. ಚಪ್ಪಲಿ ಅಂಗಡಿಯ ರಿಯಾಯಿತಿ, ನೀರು ಬಿಡದ ದಿನ, ಮನೆ ದಾರಿ ಮರೆತ ಅಜ್ಜ, ಹೊಸದಾಗಿ ಬಂದ ಹಲ್ಲಿನ ಡಾಕ್ಟರು, ಎಲ್ಲವೂ ನಮ್ಮ ಬಡಾವಣೆಗೆ ತಿಳಿಯುತ್ತಿದ್ದದ್ದು ಇವರ ಬಾಯಿಂದ.

ಈಗ ದಿನವಿಡೀ ಕೂಗುವ ಕಷ್ಟವಿಲ್ಲ. ಮೆಟ್ಟಿಲ ಕೆಳಗೆ ಪೊರಕೆ, ಬಕೆಟ್ಟು ಇಡುವ ಗೂಡಿನಂಥ ಜಾಗವಿದೆ. ಅದರ ಗೋಡೆಗೆ ಹಳೆಯ ಹಾಸಿಗೆ ಒರಗಿಸಿ, ಸ್ಟೂಲಿನ ಮೇಲೆ ಕೂತು, ತಲೆಯ ಮೇಲೆ ದಪ್ಪ ಕಂಬಳಿ ಹೊದ್ದು, ಫೋನಿನಲ್ಲಿ ಒಮ್ಮೆ ಹೇಳಿ ಹಿಡಿದಿಟ್ಟರೆ ಮುಗಿಯಿತು; ಗಾಡಿ ಅದನ್ನೇ ಮತ್ತೆ ಮತ್ತೆ ಹೇಳುತ್ತಾ ಹೋಗುತ್ತದೆ. ಮೆಟ್ಟಿಲ ಮೇಲೆ ಕೂತರೆ ಒಳಗಿನದೆಲ್ಲ ಕೇಳುತ್ತದೆ. ನಾನು ಬಟ್ಟೆ ಮಡಚುವುದು, ಮಗಳಿಗೆ ತಲೆ ಬಾಚುವುದು ಅಲ್ಲೇ. "ಮಾನ್ಯರೇ, ಒಂದು ಗಳಿಗೆ ಇತ್ತ ಕಿವಿ ಕೊಡಿ" ಎಂದು ಕಂಬಳಿಯೊಳಗಿಂದ ದನಿ ಎದ್ದರೆ, ಮಗಳು ಬಾಚಣಿಗೆಯ ಕೆಳಗೇ ನೆಟ್ಟಗೆ ಕೂರುತ್ತಾಳೆ.

ಗಂಟಲು ಉಳಿಸಿಕೊಳ್ಳಲು ಮನೆಯಲ್ಲಿ ಪಿಸುಮಾತು. ಅತ್ತಿಗೆಗೆ ಕಿವಿ ಸ್ವಲ್ಪ ಮಂದ. ಅಣ್ಣ ಪಿಸುಗುಟ್ಟಿದ್ದನ್ನು ಇವರು "ಆಂ? ಏನಂದ್ರಿ?" ಎಂದು ಕೂಗಿ ಖಚಿತ ಮಾಡಿಕೊಳ್ಳುವುದರಿಂದ ಗುಟ್ಟು ಎಂಬುದು ಆ ಮನೆಯಲ್ಲಿ ಇಲ್ಲ. ಹೊರಗೆ ಅವರು ಮೈಕು, ಒಳಗೆ ನಾನು ಎಂದು ಅತ್ತಿಗೆಯೇ ನಗುತ್ತಾರೆ.

ಮೈಕಣ್ಣನಿಗೆ ಒಂದು ಹೆಮ್ಮೆ ಇತ್ತು. ತಾಯಂದಿರು ಕಿಟಕಿ ಮುಚ್ಚಿಕೊಳ್ಳಬೇಕಾದ ಮಾತು ತನ್ನ ಗಾಡಿಯಿಂದ ಇದುವರೆಗೆ ಹೊರಟಿಲ್ಲ ಎಂಬುದು. ಯಾವ ಕೆಲಸ ಬಂದರೂ ಕೊಟ್ಟ ಚೀಟಿಯನ್ನು ಹಾಗೆಯೇ ಓದುತ್ತಿರಲಿಲ್ಲ, ತೊಳೆದು ಇಸ್ತ್ರಿ ಮಾಡಿ ಓದುತ್ತಿದ್ದರು. ಮೂಲವ್ಯಾಧಿಯ ಔಷಧಿಗೆ "ನೆಮ್ಮದಿಯಾಗಿ ಕೂರುವ ಭಾಗ್ಯ ಇಲ್ಲದವರಿಗೆ ಸಿಹಿಸುದ್ದಿ" ಎಂದರು. ಪಾಯಿಖಾನೆಯ ಗುಂಡಿ ಖಾಲಿ ಮಾಡುವವರಿಗೆ "ಮನೆ ಹಿಂದಿನ ಚಿಂತೆ ನಮಗೆ ಬಿಡಿ" ಎಂದು ಸಾರಿದರು. ಹೆಂಗಸರ ಒಳಉಡುಪಿನ ಅಂಗಡಿಯವನು ರಿಯಾಯಿತಿ ಹಾಕಿದಾಗ "ಕಣ್ಣಿಗೆ ಕಾಣದ ಬಟ್ಟೆಗಳ ಭಾರಿ ಮಾರಾಟ" ಎಂದುಬಿಟ್ಟರು. ಹಿಂದಿನ ರಸ್ತೆಯ ನಿವೃತ್ತ ಮೇಷ್ಟ್ರೊಬ್ಬರು ಅದೆಂಥ ಬಟ್ಟೆ ನೋಡಿಯೇ ಬಿಡೋಣವೆಂದು ಕನ್ನಡಕ ಒರೆಸಿಕೊಂಡು ಅಂಗಡಿಗೆ ಹೋಗಿ, ಹುಡುಗಿಯರು ನಕ್ಕಿದ್ದಕ್ಕೆ ಸಿಟ್ಟಾಗಿ ವಾಪಸು ಬಂದರು. ಹೀಗೆ ನಗುವವರು ನಕ್ಕರೂ ಎಲ್ಲರಿಗೂ ಅದು ಇಷ್ಟವೇ ಆಗಿತ್ತು. ಮರ್ಯಾದಸ್ಥ ಬಾಯಿ ಎಂದು ನಮ್ಮ ಅತ್ತೆ ಹೊಗಳುತ್ತಿದ್ದರು.

ಆರೋಗ್ಯ ಕೇಂದ್ರದ ಸಿಸ್ಟರು ಬಸುರಿ ಬಾಣಂತಿಯರ ಬಗ್ಗೆ ಸಾರುವ ಕೆಲಸ ಕೊಟ್ಟಾಗ ಈ ಮರ್ಯಾದೆಯೇ ಅಡ್ಡ ಬಂತು. ಸಿಸ್ಟರು ಬರೆದು ಕೊಟ್ಟದ್ದು ಸರಳವಾಗಿತ್ತು. ಹೆರಿಗೆಯಾಗಿ ಮನೆಗೆ ಬಂದ ಮೇಲೆ ರಕ್ತ ಹೋಗುವುದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಕಡಿಮೆಯಾಗುವ ಬದಲು ಜಾಸ್ತಿಯಾದರೆ, ಹಾಕಿಕೊಂಡ ಬಟ್ಟೆ ಒಂದು ಗಂಟೆಯೊಳಗೆ ಪೂರ್ತಿ ನೆನೆದುಹೋದರೆ, ಗಡ್ಡೆ ಗಡ್ಡೆಯಾಗಿ ಬಿದ್ದರೆ ಕೂಡಲೇ ಆಸ್ಪತ್ರೆಗೆ ಬನ್ನಿ, ಇಷ್ಟೇ. ನಾನು ಆ ಹೊತ್ತಿಗೆ ಮೆಟ್ಟಿಲ ಮೇಲಿದ್ದೆ. ಕಂಬಳಿಯೊಳಗಿನ ದನಿ "ರಕ್ತ" ಎಂಬಲ್ಲಿಗೆ ಬಂದು ಕೆಮ್ಮಿತು. ಮತ್ತೆ ಮೊದಲಿಂದ ಶುರುವಾಯಿತು, ಅದೇ ಜಾಗದಲ್ಲಿ ಮತ್ತೆ ಕೆಮ್ಮಿತು. ಕೊನೆಗೆ ಬೆವರು ಒರೆಸಿಕೊಂಡು ಹೊರಗೆ ಬಂದು, ನೀರು ಕುಡಿದು, ಏನೋ ಹೊಳೆದವರ ಹಾಗೆ ಒಳಗೆ ಹೋದರು. ಈ ಸಲ ಎಲ್ಲೂ ತಡೆಯಲಿಲ್ಲ.

"ಬಾಣಂತಿ ತಾಯಂದಿರ ಗಮನಕ್ಕೆ. ಹೆರಿಗೆಯ ನಂತರ ತಮಗೆ ಸುಸ್ತು ಹೆಚ್ಚಾದಲ್ಲಿ, ದಯವಿಟ್ಟು ಅಲಕ್ಷ್ಯ ಮಾಡದೆ ಆಸ್ಪತ್ರೆಗೆ ಬನ್ನಿ."

ಕೇಳಲು ಚೆನ್ನಾಗಿತ್ತು. ಗಾಡಿ ಎಲ್ಲ ರಸ್ತೆಗಳಲ್ಲೂ ಸುತ್ತಿತು. ಬಾಣಂತಿಗೆ ಸುಸ್ತಾಗದೆ ಇನ್ನೇನು ಹುಮ್ಮಸ್ಸು ಬರುತ್ತದೆಯೇ ಎಂದು ನಮ್ಮ ಅತ್ತೆ ತಮಾಷೆ ಮಾಡಿದರು. ಅದಕ್ಕಿಂತ ಹೆಚ್ಚಾಗಿ ಯಾರೂ ಏನೂ ಅನ್ನಲಿಲ್ಲ, ನನಗೂ ಏನೂ ಅನ್ನಿಸಲಿಲ್ಲ.

ನಮ್ಮ ಹಿಂದಿನ ರಸ್ತೆಯ ತಿರುವಿನಲ್ಲಿ ಇಸ್ತ್ರಿ ಅಕ್ಕನ ಅಂಗಡಿ. ಅಂಗಡಿ ಎಂದರೆ ಒಂದು ಕಾಂಪೌಂಡಿಗೆ ಒರಗಿಸಿದ ತಗಡಿನ ಮಾಡು, ಅದರ ಕೆಳಗೆ ಸುಟ್ಟ ಕಲೆಗಳ ಬಟ್ಟೆ ಹಾಸಿದ ಮೇಜು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳು ಹೆರಿಗೆಗೆ ತಾಯಿಯ ಮನೆಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಗಂಡು ಮಗುವಾಯಿತು, ಮನೆಗೆ ಬಂದಳು. ಮಗುವಿನ ಬಟ್ಟೆ ಒಗೆದು ಅಂಗಡಿಯ ಹಗ್ಗಕ್ಕೆ ಹರವುತ್ತಿದ್ದುದನ್ನು ನಾನೇ ನೋಡಿದ್ದೇನೆ. ಗಾಡಿ ಸುತ್ತುತ್ತಿದ್ದ ಅದೇ ವಾರ ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬರುತ್ತಿದೆ ಎಂದಳಂತೆ. ಬಾಡಿಗೆ ಗಾಡಿ ಹುಡುಕಿ, ಹತ್ತಿಸಿಕೊಂಡು ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡಳು.

ಆ ಮೇಲೆ ಸುಮಾರು ದಿನ ಅಂಗಡಿ ಮುಚ್ಚಿತ್ತು. ಒಂದು ಸಂಜೆ ಇಸ್ತ್ರಿ ಅಕ್ಕ ನಮ್ಮ ಮನೆಗೆ ಬಂದಳು. ಒಂದು ಕೈಯಲ್ಲಿ ನಾವು ಮೊದಲೇ ಇಸ್ತ್ರಿಗೆ ಕೊಟ್ಟಿದ್ದ ಬಟ್ಟೆಯ ಗಂಟು, ಹೆಗಲ ಮೇಲೆ ಮಗು. ಅತ್ತೆ ಅವಳನ್ನು ಒಳಗೆ ಕೂರಿಸಿದರು. ನಾವೆಲ್ಲ ಮಗುವಿನ ಕೂದಲಿನ ಬಗ್ಗೆ ಮಾತಾಡಿದೆವು. ಆಗಲೇ ಮೈಕಣ್ಣ ನೀರಿನ ಮೋಟರಿನ ಬೀಗದ ಕೈ ಕೊಡಲು ಮೇಲೆ ಬಂದು ಬಾಗಿಲಲ್ಲಿ ನಿಂತರು.

"ಅಣ್ಣ, ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ" ಎಂದಳು ಇಸ್ತ್ರಿ ಅಕ್ಕ. "ನಿಮ್ ಗಾಡಿ ನಮ್ ರಸ್ತೆಗೆ ಬಂದಿತ್ತಲ್ಲ ಆವತ್ತು. ಸುಸ್ತಾದ್ರೆ ಅಂತ ತಾನೆ ನೀವಂದಿದ್ದು?"

ಮೈಕಣ್ಣ ಹೌದೆಂದು ತಲೆಯಾಡಿಸಿದರು.

"ಅವಳಿಗೆ ಸುಸ್ತೇ ಇರ್ಲಿಲ್ಲ ಅಣ್ಣ. ಎದ್ದು ಕೂತು ಮಗೂನ ಆಡಿಸ್ತಿದ್ಲು, ನನ್ನೇ ರೇಗಿಸ್ತಿದ್ಲು. ಹೋಗ್ತಾ ಇತ್ತು ಅಷ್ಟೆ. ಬಟ್ಟೆ ಬದಲಾಯಿಸೋದೇ ಒಂದು ಕೆಲಸ ಆಗಿತ್ತು. ಕೆಟ್ಟ ರಕ್ತ, ಹೋಗ್ಲಿ ಬಿಡು ಅಂದ್ರು ಅಕ್ಕಪಕ್ಕದವರು. ನಾನು ಗಳಿಗೆಗೊಂದ್ಸಲ ಕೇಳ್ತಿದ್ದೆ, ಸುಸ್ತಾಗ್ತಿದೆಯೇನೇ ಅಂತ. ಇಲ್ಲಮ್ಮ ಅಂತಿದ್ಲು. ಸುಸ್ತಾಗ್ಲಿ, ಆದ ತಕ್ಷಣ ಕರ್ಕೊಂಡು ಹೋಗೋಣ ಅಂತ ನೋಡ್ತಾನೇ ಇದ್ದೆ ನಾನು."

ಮಗು ಕುಂಯ್ ಎಂದಿತು. ಬೆನ್ನು ತಟ್ಟಿ ಸುಮ್ಮನಾಗಿಸಿ ಅವಳು ಮತ್ತೆ ಕೇಳಿದಳು. ಅದರಲ್ಲಿ ದೂರು ಇರಲಿಲ್ಲ. ದಾರಿ ತಪ್ಪಿದವರು ಎಲ್ಲಿ ತಪ್ಪಿದೆವೆಂದು ವಿಚಾರಿಸುವ ಹಾಗಿತ್ತು.

"ಸುಸ್ತಿಗೆ ಮುಂಚೆ ಇನ್ನೇನಾದ್ರೂ ಹೇಳಿದ್ರಾ ಅಣ್ಣ? ರಸ್ತೇಲಿ ಲಾರಿ ಹೋಗ್ತಿತ್ತು. ನನಗೇ ಕೇಳಿಸ್ಲಿಲ್ವೇನೋ ಅಂತ."

ಅಣ್ಣ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಅವರ ಬಾಯಿ ತೆರೆಯಿತು, ಮುಚ್ಚಿತು. ಅಷ್ಟರಲ್ಲಿ ಇಸ್ತ್ರಿ ಅಕ್ಕ ತಾನೇ ಉತ್ತರ ಹೇಳಿಕೊಂಡಳು.

"ಹೇಳಿರ್ತೀರಿ ಬಿಡಿ. ನನ್ ಕಿವೀದೇ ತಪ್ಪು" ಎಂದು ಮಗುವನ್ನು ಹೆಗಲು ಬದಲಿಸಿ ಎದ್ದಳು.

ಅವಳು ಮೆಟ್ಟಿಲಿಳಿದು ಗೇಟು ದಾಟುವವರೆಗೂ ಅಣ್ಣ ಬಾಗಿಲಲ್ಲೇ ನಿಂತಿದ್ದರು. ಕೂಗಿ ಕರೆದಿದ್ದರೆ ಸಾಕಿತ್ತು. ಕೂಗುವುದೇ ಕಸುಬಾದ ಮನುಷ್ಯ. ಕರೆಯಲಿಲ್ಲ. ಮರುದಿನ ಬೆಳಿಗ್ಗೆ ಗಾಡಿಗೆ ಟಾರ್ಪಾಲು ಬಿದ್ದಿತ್ತು.

ನಮ್ಮ ಭಾಷೆಯಲ್ಲಿ ನಾಚಿಕೆ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಹೊಸಬರ ಮುಂದೆ ಸೆರಗಿನ ಹಿಂದೆ ಅಡಗುವ ನನ್ನ ಮಗಳದೂ ನಾಚಿಕೆ. ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಲಾಗದವರದೂ ನಾಚಿಕೆ. ಕಂಬಳಿಯೊಳಗೆ ಕೆಮ್ಮಿಸಿದ್ದು ಮೊದಲನೆಯದು, ಆ ಸಂಜೆಯ ನಂತರ ಮೈಕಣ್ಣನನ್ನು ಹಿಡಿದದ್ದು ಎರಡನೆಯದು. ಬಂದ ಕೆಲಸಗಳನ್ನೆಲ್ಲ ಕೈ ಅಲ್ಲಾಡಿಸಿ ಬೇಡವೆಂದರು. ಹಾಲಿಗೆ ಹೋಗುವುದು ನಿಲ್ಲಿಸಿದರು, ಏಕೆಂದರೆ ಹಾಲಿನ ಅಂಗಡಿಗೆ ಇಸ್ತ್ರಿ ಅಂಗಡಿಯ ಮುಂದೆಯೇ ದಾರಿ. ಅತ್ತಿಗೆ ಎಲ್ಲ ರೀತಿಯಲ್ಲೂ ಸಮಾಧಾನ ಹೇಳಿ ನೋಡಿದರು. ನಿಮ್ಮ ಒಂದು ಮಾತಿನಿಂದ ಯಾರೂ ಸಾಯುವುದಿಲ್ಲ, ಸರಿಯಾಗಿ ಹೇಳಿದ್ದರೂ ಅವರು ಕರೆದುಕೊಂಡು ಹೋಗುತ್ತಿದ್ದರು ಎಂದು ಏನು ಗ್ಯಾರಂಟಿ ಎಂದು ಅವರು ಕೂಗಿ ಕೇಳಿದ್ದು ನಮಗೆಲ್ಲ ಕೇಳಿಸಿತು. ಇರಬಹುದು. ಹೋಗದೆಯೂ ಇರುತ್ತಿದ್ದರೇನೋ. ಆದರೆ ಅಣ್ಣ ಆ ಸಮಾಧಾನವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವಳು ಕಾದು ಕೂತಿದ್ದು ನನ್ನ ಮಾತಿಗೆ ಎಂದು ಪಿಸುಗುಟ್ಟಿದರಂತೆ. ಅತ್ತಿಗೆಗೆ ಅದು ಹೇಗೋ ಮೊದಲ ಸಲಕ್ಕೇ ಕೇಳಿಸಿತು.

ಮಗಳು ಆ ಪ್ರಶ್ನೆ ಕೇಳಿದ್ದು ಈ ದಿನಗಳಲ್ಲಿ.

ಸಿಸ್ಟರು ಮತ್ತೆ ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರಿಂದ ನಮ್ಮ ಮೆಟ್ಟಿಲ ಮೇಲೇ ಕೂತು ಚಪ್ಪಲಿ ಬಿಚ್ಚಿ ಕಾಲು ಚಾಚಿದರು. ಗಾಡಿ ಯಾಕೆ ಮಲಗಿದೆ, ಅದೇ ಪ್ರಚಾರ ಇನ್ನೊಂದು ಸುತ್ತು ಬೇಕು ಎಂದರು. ಬಡಾವಣೆಯಲ್ಲಿ ದಿನ ತುಂಬುತ್ತಿರುವವರು ಹಲವರಿದ್ದಾರೆ. ಇಸ್ತ್ರಿ ಅಕ್ಕನ ದೊಡ್ಡ ಮಗಳಿಗೂ ಹತ್ತಿರ ಬಂತು, ಅವಳು ತಾಯಿಯ ಪಕ್ಕದ ಮನೆಯಲ್ಲೇ ಇರುವುದು, ಆ ರಸ್ತೆಯನ್ನಂತೂ ಬಿಡಬೇಡಿ ಎಂದರು.

ಅಣ್ಣ ಅವರ ಮುಂದೆ ನಿಂತು, ತಾನು ಚೀಟಿಯಲ್ಲಿದ್ದದ್ದನ್ನು ಹೇಳಲಿಲ್ಲ, ಬದಲಾಯಿಸಿದೆ ಎಂದರು. ಸುಸ್ತು ಎಂದೆ ಎಂದರು. ದನಿ ಎಷ್ಟು ಸಣ್ಣದಿತ್ತೆಂದರೆ ಸಿಸ್ಟರು ಎರಡು ಸಲ ಕೇಳಿಸಿಕೊಳ್ಳಬೇಕಾಯಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಬಿಚ್ಚಿದ ಚಪ್ಪಲಿಯನ್ನು ನೋಡುತ್ತಾ ಕೂತರು. ಗಾಡಿ ಎಲ್ಲ ಕಡೆ ಹೋಯಿತೇ ಎಂದು ಮಾತ್ರ ವಿಚಾರಿಸಿದ್ದೆ, ನಿಂತು ಒಂದು ಸಲ ಕೇಳಲಿಲ್ಲ ನಾನು ಎಂದರು. ಆಮೇಲೆ ಅವರು ಹೇಳಿದ್ದನ್ನು ಅಂದೇ ಡೈರಿಯಲ್ಲಿ ಬರೆದಿಟ್ಟೆ. ಕೆಟ್ಟ ರಕ್ತ, ಒಳ್ಳೆ ರಕ್ತ ಎಂದು ಬೇರೆ ಬೇರೆ ಇಲ್ಲ, ಹೋಗುವುದೆಲ್ಲ ಅವಳದೇ. ಎಳೆಯ ಮೈ ಬೇಗ ಸೋಲು ತೋರಿಸುವುದಿಲ್ಲ. ಎಷ್ಟೋ ಹೋಗುವವರೆಗೂ ಎದ್ದು ಕೂತು ನಗುತ್ತಾ ಮಾತಾಡಬಹುದು.

"ಸುಸ್ತು ಬರೋ ಹೊತ್ತಿಗೆ ತಡ ಆಗಿರುತ್ತೆ" ಎಂದರು ಸಿಸ್ಟರು. "ಈ ಸಲ ಇದ್ದದ್ದು ಇದ್ದ ಹಾಗೇ ಹೇಳಿ."

ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಆ ಸಂಜೆ ಅಣ್ಣ ಮೊದಲು ಅತ್ತಿಗೆಯ ಮುಂದೆ ಒಪ್ಪಿಸಿ ನೋಡಿದರು. ಪಿಸುಮಾತು ನನಗೆ ಕೇಳಿಸಲಿಲ್ಲ. "ಆಂ? ರಕ್ತಾನಾ? ಯಾರಿಗೆ ರಕ್ತ?" ಎಂದು ಅತ್ತಿಗೆ ಕೂಗಿದ್ದು ಕೇಳಿಸಿತು. ಎದುರು ಮನೆಯವರು ಹತ್ತಿ, ಟಿಂಚರು ಹಿಡಿದುಕೊಂಡು ಓಡಿ ಬಂದರು. ಹೀಗೆ ನಮ್ಮ ರಸ್ತೆಯಲ್ಲಿ ಆ ಮಾತನ್ನು ಮೊದಲು ಸಾರಿದವರು ಅತ್ತಿಗೆಯೇ. ನಗು ತಡೆಯಲಾಗಲಿಲ್ಲ, ಅಣ್ಣನೂ ಒಂದು ಗಳಿಗೆ ನಕ್ಕರು. ಆದರೆ ಅದು ಗಾಡಿಯ ಮೇಲಿಂದ ಹೊರಡುವ ಮಾತು ಎಂದು ಗೊತ್ತಾದಾಗ ಅತ್ತಿಗೆಯ ಮುಖ ಗಂಟಾಯಿತು. ಇಷ್ಟು ವರ್ಷ ಉಳಿಸಿಕೊಂಡ ಮರ್ಯಾದೆ ಏನಾಗಬೇಕು, ಹೆಂಗಸರ ವಿಷಯ ಗಂಡಸು ಬೀದಿಯಲ್ಲಿ ಕೂಗುವುದೇ, ನಾನು ನಾಳೆ ನಲ್ಲಿಯ ಹತ್ತಿರ ಯಾರ ಮುಖ ನೋಡಲಿ ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗಿತ್ತು.

ಕಂಬಳಿಯೊಳಗೆ ಮತ್ತೆ ಅದೇ ಕೆಮ್ಮು. ದಿನವೂ ಸ್ವಲ್ಪ ಹೊತ್ತು ಪ್ರಯತ್ನ, ದಿನವೂ 'ರಕ್ತ ಜಾಸ್ತಿ ಹೋದರೆ' ಎಂಬಲ್ಲಿಗೆ ಬಂದು ಗಾಡಿ ನಿಂತ ಹಾಗೆ ಮಾತು ನಿಲ್ಲುವುದು. ಪಾಪ ಎನ್ನಿಸುತ್ತಿತ್ತು. ಒಂದು ಮಾತಿಗೆ ಇಷ್ಟೊಂದು ಒದ್ದಾಟವೇ ಎಂದೂ ಅನ್ನಿಸುತ್ತಿತ್ತು. ಹಾಗೆ ಅಂದುಕೊಳ್ಳುವ ಯೋಗ್ಯತೆ ನನಗೆ ಎಷ್ಟಿದೆ ಎಂಬುದು ಬೇಗ ತಿಳಿಯಿತು.

ರಜೆಯ ದಿನ. ಅಣ್ಣ ಗೂಡಿನೊಳಗೆ, ನಾನು ಮೆಟ್ಟಿಲ ಮೇಲೆ ಒಗೆದ ಬಟ್ಟೆಯ ರಾಶಿಯ ಮುಂದೆ. ಮಗಳು ಹಳೆಯ ಪೇಪರನ್ನು ಕೊಳವೆ ಮಾಡಿ ಬಾಯಿಗಿಟ್ಟುಕೊಂಡು, ಗೇಟಿನ ಮೇಲೆ ಹತ್ತಿ, ದಿನವೂ ಕೇಳಿ ಕೇಳಿ ಬಾಯಿಪಾಠವಾಗಿದ್ದನ್ನು ರಸ್ತೆಗೆ ಸಾರತೊಡಗಿದಳು.

"ಮಾನ್ಯರೇ, ಒಂದು ಗಳಿಗೆ ಇತ್ತ ಕಿವಿ ಕೊಡಿ. ಹೆರಿಗೆ ಆದ ಮೇಲೆ ರಕ್ತ ಜಾಸ್ತಿ ಹೋದ್ರೆ..."

ರಸ್ತೆಯಲ್ಲಿ ಇಬ್ಬರು ಗಂಡಸರು ತಿರುಗಿ ನೋಡಿದರು. ನಾನು ಓಡಿ ಹೋಗಿ ಅವಳ ಬಾಯಿ ಮುಚ್ಚಿದೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು.

"ಶ್, ಅದನ್ನೆಲ್ಲ ಜೋರಾಗಿ ಹೇಳ್ಬಾರ್ದು ಪುಟ್ಟಿ. ಅಸಹ್ಯ."

"ಮಾಮ ಹೇಳ್ತಾರಲ್ಲ" ಎಂದಳು ನನ್ನ ಕೈಯ ಕೆಳಗಿಂದ.

ತಿರುಗಿ ನೋಡಿದರೆ ಅಣ್ಣ ಗೂಡಿನ ಬಾಗಿಲಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನನ್ನನ್ನು ನೋಡಿದ ರೀತಿಯಲ್ಲಿ ಆಕ್ಷೇಪ ಇರಲಿಲ್ಲ, ಜೊತೆಗಾರರೊಬ್ಬರು ಸಿಕ್ಕರೆಂಬಂತೆ ಇತ್ತು. ಅದೇ ನನಗೆ ಚುಚ್ಚಿತು. ಈ ಮಗುವನ್ನು ಹೆತ್ತವಳು ನಾನು, ಹೆತ್ತು ಮನೆಗೆ ಬಂದು ಬಟ್ಟೆ ಬದಲಾಯಿಸಿದವಳು ನಾನು. ನನ್ನ ಮೈಯಿಂದ ಹೋದದ್ದಕ್ಕೆ ನನ್ನ ಮಗಳಿಗೆ ಅಸಹ್ಯ ಎಂಬ ಹೆಸರು ಹೇಳಿಕೊಟ್ಟೆ. ಬಟ್ಟೆಯ ರಾಶಿಯನ್ನು ಮಡಚದೆಯೇ ಎತ್ತಿಕೊಂಡು ಒಳಗೆ ಹೋದೆ. ಊಟ ಬಡಿಸುವಾಗ ಮಗಳಿಗೆ, ಅದು ಅಸಹ್ಯ ಅಲ್ಲ, ಅಮ್ಮ ತಪ್ಪು ಹೇಳಿದಳು ಎಂದೆ. ಹಾಗಾದ್ರೆ ಮತ್ತೆ ಹೇಳ್ಲಾ ಎಂದಳು. ಹೇಳು ಎಂದೆ. ಆದರೆ ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡೆ.

ಅದಾದ ಎರಡು ಮೂರು ದಿನಕ್ಕೆ ಗೂಡಿನಲ್ಲಿ ಕೆಮ್ಮು ನಿಂತಿತು. ಹೇಗೆ ನಿಂತಿತೋ ನಾನು ಕೇಳಲಿಲ್ಲ. ಅಣ್ಣ ಫೋನು ಹಿಡಿದುಕೊಂಡು ಮೇಲೆ ಬಂದು, ಒಮ್ಮೆ ಕೇಳಿ ನೋಡು, ಹೆಂಗಸಿನ ಕಿವಿಗೆ ಹೇಗಿರುತ್ತದೆ ಹೇಳು ಎಂದು ಮೇಜಿನ ಮೇಲಿಟ್ಟರು. ನಡುಮನೆಯಲ್ಲಿ ನಮ್ಮ ಮಾವ ಪೇಪರು ಓದುತ್ತಿದ್ದರು. ಗುಂಡಿ ಒತ್ತಿದೆ.

"ಮಾನ್ಯರೇ, ಒಂದು ಗಳಿಗೆ ಇತ್ತ ಕಿವಿ ಕೊಡಿ. ಗಂಡಸರೂ ಕೊಡಿ. ಹೆರಿಗೆಯಾಗಿ ಮನೆಗೆ ಬಂದವರಿಗೆ ರಕ್ತ ಹೋಗುವುದು ಕಡಿಮೆಯಾಗದೆ ಜಾಸ್ತಿಯಾದರೆ..." ಎಂದು ದನಿ ಶುರುವಾಯಿತು. ನನ್ನ ಬೆರಳು ಆಗಲೇ ಫೋನಿನ ಸದ್ದು ತಗ್ಗಿಸುತ್ತಿತ್ತು. ಪೇಪರಿನ ಹಿಂದಿನಿಂದ ಮಾವ, ಯಾಕಮ್ಮ ಸಣ್ಣ ಮಾಡಿದೆ, ಪೂರ್ತಿ ಕೇಳಿಸು ಎಂದರು. ಪೇಪರು ಇಳಿಸಲಿಲ್ಲ, ಅವರಿಗೂ ಮುಖ ತೋರಿಸಿ ಕೇಳುವ ಧೈರ್ಯ ಇರಲಿಲ್ಲ. ಜೋರು ಮಾಡಿದೆ.

ಚೀಟಿಯಲ್ಲಿದ್ದದ್ದೆಲ್ಲ ಇತ್ತು. ನೆನೆಯುವ ಬಟ್ಟೆ, ಬೀಳುವ ಗಡ್ಡೆ, ಒಂದನ್ನೂ ತೊಳೆದಿರಲಿಲ್ಲ. ದನಿ ನಯವಾಗಿರಲಿಲ್ಲ, ಒಂದೆರಡು ಕಡೆ ಒಡೆದಿತ್ತು. ಕೊನೆಯಲ್ಲಿ ಸಿಸ್ಟರು ಬರೆಯದೇ ಇದ್ದ ಒಂದು ಸಾಲನ್ನು ಅಣ್ಣ ತಾವೇ ಸೇರಿಸಿದ್ದರು.

"ಎದ್ದು ಕೂತಿದ್ದಾಳೆ, ನಗುತ್ತಿದ್ದಾಳೆ ಎಂದು ಸುಮ್ಮನಿರಬೇಡಿ. ಸುಸ್ತಾಗಲಿ ಎಂದು ಕಾಯಬೇಡಿ."

ಚೆನ್ನಾಗಿದೆ ಎನ್ನಲು ಹೋಗಿ ನಿಲ್ಲಿಸಿದೆ. ಆ ಸಾಲು ಎಲ್ಲಿಂದ ಬಂತೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಮೊದಲು ಹೇಳಿದವಳಿಗೂ ಗೊತ್ತಾಗುತ್ತದೆ. ಗಾಡಿ ಇಸ್ತ್ರಿ ಅಂಗಡಿಯ ತಿರುವಿಗೆ ಬಂದು ಇದನ್ನು ಕೂಗಿದ ಗಳಿಗೆಯಲ್ಲಿ, ತನ್ನ ಕಿವಿಯದು ತಪ್ಪಲ್ಲ, ಅಂದು ಲಾರಿಯ ಸದ್ದಿನಲ್ಲಿ ಏನೂ ಕಳೆದುಹೋಗಿರಲಿಲ್ಲ, ಹೇಳಲೇ ಇಲ್ಲ ಎಂಬುದು ಅವಳಿಗೆ ತಿಳಿದುಬಿಡುತ್ತದೆ. ಕೈಯಲ್ಲಿ ಕಾದ ಇಸ್ತ್ರಿಪೆಟ್ಟಿಗೆ, ಪಕ್ಕದಲ್ಲಿ ತಾಯಿಯಿಲ್ಲದ ಮಗು, ಎದುರಿಗೆ ರಸ್ತೆಯ ಜನ. ಹಾಗೆ ತಿಳಿಯಬೇಕೇ ಅವಳಿಗೆ?

ಅತ್ತಿಗೆ ಇದನ್ನು ಮೊದಲೇ ಯೋಚಿಸಿದ್ದರು. ಆ ಒಂದು ರಸ್ತೆ ಬಿಟ್ಟು ಮಿಕ್ಕ ಕಡೆ ಸುತ್ತಿ, ಇಸ್ತ್ರಿ ಅಕ್ಕನ ದೊಡ್ಡ ಮಗಳಿಗೆ ಸಿಸ್ಟರೇ ಹೋಗಿ ಹೇಳಲಿ ಎಂದರಂತೆ. ಅಣ್ಣ ಒಂದು ರಾತ್ರಿ ಅದಕ್ಕೆ ಒಪ್ಪಿಯೂ ಇದ್ದರಂತೆ. ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುವಾಗ, ಬಿಟ್ಟ ರಸ್ತೆಯೂ ನುಂಗಿದ ಮಾತೇ ಅಲ್ಲವೇ ಎನ್ನಿಸಿತು ಎಂದು ನನಗೆ ಹೇಳಿದರು.

ಟಾರ್ಪಾಲು ಬಿಚ್ಚುತ್ತಿದ್ದಾಗ ಇದನ್ನೆಲ್ಲ ಹೇಳಿದ್ದು. ನಾನು ಹಗ್ಗದ ಇನ್ನೊಂದು ತುದಿ ಹಿಡಿದಿದ್ದೆ. ಟಾರ್ಪಾಲನ್ನು ಇಬ್ಬರೂ ಸೇರಿ ಮಡಚಿದೆವು. ಮಡಚಿದ್ದನ್ನು ಸೀಟಿನ ಕೆಳಗೆ ತುರುಕಿ, ಅಲ್ಲೇ ಬಗ್ಗಿಕೊಂಡು, ನನ್ನ ಕಡೆ ನೋಡದೆ ಅಣ್ಣ ಕೇಳಿದರು.

"ತಂಗಿ, ಗಾಡಿ ಹೊರಡೋಕೆ ಮುಂಚೆ ನಾನು ನಡ್ಕೊಂಡು ಅವಳ ಅಂಗಡಿಗೆ ಹೋಗ್ಬೇಕು. ಅವಳಿಗೆ ನಾನೇ ಹೇಳ್ಬೇಕು. ನೀನು ಜೊತೆಗೆ ಬರ್ತೀಯಾ?"

ನಾನು ಬಂದು ಏನು ಮಾಡಲಿ ಎಂದೆ.

"ನನ್ ನಾಲಿಗೆ ನನಗೆ ಗೊತ್ತು. ಅವಳ ಮುಖ ಕಂಡ ಕೂಡ್ಲೇ ಅದು ನುಣ್ಣಗಿನ ಮಾತು ಹುಡುಕತ್ತೆ. ಏನೋ ಆಗೋಯ್ತು, ಯಾರ ಕೈಲಿದೆ ಅಂತ ಶುರು ಮಾಡ್ಬಿಡ್ತೀನಿ, ಅವಳೂ ಪಾಪ ಹೌದಣ್ಣ ಅಂತಾಳೆ. ಅಲ್ಲಿಗೆ ಮುಗಿದೇ ಹೋಗತ್ತೆ. ನೀನು ಪಕ್ಕದಲ್ಲಿ ನಿಂತಿರು. ನಾನು ಹಾಗೆ ತಿರುಗಿಸಿದ್ರೆ, ದೊಡ್ಡವನು, ಅಣ್ಣ ಅಂತ ನೋಡ್ಬೇಡ. ಅವಳ ಎದುರಿಗೇ 'ಅಲ್ಲ' ಅಂದ್ಬಿಡು."